ನಿಮಗಿದು ಗೊತ್ತೇ? ಅಪಘಾತದಲ್ಲಿ ಜೀವ ಹೋದರೆ ಮನೆಯವರ ಹಕ್ಕೇನು

ಕೆಂಗೇರಿಯವರೊಬ್ಬರು ಹಾಸನದ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರೆ ಪರಿಹಾರಕ್ಕಾಗಿ ಮನೆಯವರು ಹಾಸನಕ್ಕೆ ಅಲೆಯಬೇಕಿಲ್ಲ. ಅರ್ಜಿದಾರರು ವಾಸವಿರುವ ಊರಿನಲ್ಲೇ ಕೇಸು ಹಾಕಲು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬೆಂಗಳೂರಿನಲ್ಲಿ ಈ ಕೇಸುಗಳು ನಡೆಯುವುದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. ವಕೀಲರ ಬಾಯಲ್ಲಿ ಇವು 'ಎಂವಿಸಿ ಕೇಸು'.

ಅರ್ಜಿ ಹಾಕಲು ಇರುವ ಗಡುವು ಆರು ತಿಂಗಳು. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ 2022ರ ಏಪ್ರಿಲ್ 1ರಿಂದ ಮತ್ತೆ ಜಾರಿಗೆ ಬಂದಿದೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ, ನಿಜ. ಆದರೆ ಅದು ಮಧ್ಯಂತರ ಆದೇಶ ಅಷ್ಟೆ; ಅದನ್ನು ನೆಚ್ಚಿಕೊಂಡು ಕೂರಬೇಡಿ.

ಸತ್ತವರ ಪರವಾಗಿ ಮನೆಯವರು ಪರಿಹಾರ ಕೇಳಬಹುದೆಂಬ ಕಾನೂನು ನಮ್ಮಲ್ಲಿ ಕಾರಿಗಿಂತ ಹಳೆಯದು! ಮಾರಣಾಂತಿಕ ಅಪಘಾತಗಳ ಕಾಯ್ದೆ ಬಂದದ್ದು 1855ರಲ್ಲಿ. ಇಂಗ್ಲೆಂಡಿನಲ್ಲಿ 1846ರವರೆಗೂ ಗಾಯಗೊಂಡವನು ಬದುಕಿದರೆ ಪರಿಹಾರವಿತ್ತು, ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಬಿಡಿಗಾಸೂ ಇರಲಿಲ್ಲ.

ಮೊತ್ತ ಲೆಕ್ಕ ಹಾಕುವುದು ಹೇಗೆ? ಇದನ್ನು ಪೆನ್ನು ಹಿಡಿದೇ ಓದಿ. ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದ 34 ವರ್ಷದ ಒಬ್ಬರು ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನಂಬಿದ್ದಾರೆ. ಕಾಯಂ ನೌಕರಿಯಲ್ಲದಿದ್ದರೂ 40 ವರ್ಷದೊಳಗಿನವರ ಆದಾಯಕ್ಕೆ ಮುಂದಿನ ಬೆಳವಣಿಗೆಯೆಂದು ಶೇ 40 ಸೇರಿಸಬೇಕು: 28,000. ಅವಲಂಬಿತರು ನಾಲ್ವರಾದ್ದರಿಂದ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು: 21,000. ವರ್ಷಕ್ಕೆ 2,52,000. ಈ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ಗುಣಕಗಳ ಪಟ್ಟಿ 2009ರ ಸರಳಾ ವರ್ಮಾ ತೀರ್ಪಿನದು, ಶೇ 40ರ ಸೇರ್ಪಡೆ 2017ರ ಪ್ರಣಯ್ ಸೇಠಿ ತೀರ್ಪಿನದು. ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ, ಬಡ್ಡಿ ಇವೆಲ್ಲ ಇದರ ಮೇಲೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರುವ ಮೊದಲು ಮನೆಯಲ್ಲೇ ಈ ಲೆಕ್ಕ ಮಾಡಿಟ್ಟುಕೊಂಡರೆ ಯಾರೂ ಕಡಿಮೆ ಮೊತ್ತಕ್ಕೆ ಒಪ್ಪಿಸಲಾರರು.

ಅದೇ ವ್ಯಕ್ತಿ ಮದುವೆಯಾಗದವರಾಗಿದ್ದರೆ ಸ್ವಂತ ಖರ್ಚಿಗೆಂದು ಸಾಮಾನ್ಯವಾಗಿ ಅರ್ಧದಷ್ಟು ಕಳೆಯುತ್ತಾರೆ.

ವಯಸ್ಸಿಗೆ ಆಧಾರ್ ಕಾರ್ಡನ್ನೇ ನಂಬಬೇಡಿ. ಆಧಾರ್ ಗುರುತಿನ ದಾಖಲೆ, ಜನ್ಮದಿನದ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸಿನಲ್ಲಿ ಆಧಾರ್ ಪ್ರಕಾರ ವಯಸ್ಸು 47, ಶಾಲಾ ದಾಖಲೆ ಪ್ರಕಾರ 45. ಗುಣಕ 13ರಿಂದ 14ಕ್ಕೆ ಏರಿತು, ಅಂದರೆ ಒಂದಿಡೀ ವರ್ಷದ ದುಡಿಮೆ ಆ ಮನೆಗೆ ಸಿಕ್ಕಿತು. ಹಳೆಯ ಟಿಸಿ ಹುಡುಕಿಡಿ.

'ಆಕೆ ಮನೆಯಲ್ಲಿದ್ದಳು, ಸಂಪಾದನೆ ಇರಲಿಲ್ಲ' ಎಂದು ದಯವಿಟ್ಟು ಹೇಳಬೇಡಿ. ಗೃಹಿಣಿಯ ದುಡಿಮೆಗೂ ಆದಾಯ ನಿಗದಿ ಮಾಡಲೇಬೇಕೆಂದು 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನಲ್ಲಿ ಉಲ್ಲೇಖವಾದ 2019ರ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. ಬೆಳಗಿನ ನೀರು ಹಿಡಿಯುವುದರಿಂದ ರಾತ್ರಿ ಗ್ಯಾಸ್ ಆಫ್ ಮಾಡುವವರೆಗಿನ ದುಡಿಮೆಗೆ ಬೆಲೆ ಕಟ್ಟಲು ಕೋರ್ಟುಗಳು ಇಷ್ಟು ತಡ ಮಾಡಬಾರದಿತ್ತು.

ಮದುವೆಯಾದ ಹೆಣ್ಣುಮಕ್ಕಳಿಗೂ ಪಾಲುಂಟು. ಹುಬ್ಬಳ್ಳಿ ಕಡೆಯ ಒಂದು ಪ್ರಕರಣದಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪಿದೆ.

ಎಲ್‌ಐಸಿ ದುಡ್ಡು ಬಂತೆಂದು ಪರಿಹಾರ ಕಡಿತವಾಗುವುದಿಲ್ಲ. ಪಿಎಫ್, ಕುಟುಂಬ ಪಿಂಚಣಿಯೂ ಅಷ್ಟೆ. 1998ರ ಹೆಲನ್ ರೆಬೆಲೊ ತೀರ್ಪು ಇದನ್ನು ಇತ್ಯರ್ಥ ಮಾಡಿದೆ.

ಬೈಕಿನಲ್ಲಿ ಮೂವರು ಕೂತಿದ್ದರೆಂಬ ಮಾತ್ರಕ್ಕೆ ಸತ್ತವರ ತಪ್ಪೆಂದು ಮೊತ್ತ ಕತ್ತರಿಸುವಂತಿಲ್ಲ. ಅದರಿಂದಲೇ ಅಪಘಾತವಾಯಿತೆಂದೋ ಪೆಟ್ಟು ಹೆಚ್ಚಿತೆಂದೋ ತೋರಿಸಬೇಕು (2020ರ ತೀರ್ಪು). ಗುದ್ದಿದ ಚಾಲಕನ ಬಳಿ ಲೈಸೆನ್ಸ್ ಇಲ್ಲದಿದ್ದರೂ ವಿಮೆ ಕಂಪನಿ ಮೊದಲು ನಿಮಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಆದೇಶಿಸಬಹುದು. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರದ ಕೇಸು ಬಿದ್ದುಹೋಗುವುದಿಲ್ಲ.

ಆದರೆ ಒಂದು ಕಹಿ ಸತ್ಯ. 2014ರ ಜೂನ್‌ನಲ್ಲಿ ಅರಸೀಕೆರೆಗೆ ಹೊರಟಿದ್ದ ಕಾರು ಪಲ್ಟಿಯಾಗಿ ಚಾಲಕ ಮೃತಪಟ್ಟರು. ಮನೆಯವರು 80 ಲಕ್ಷ ಕೇಳಿದರು. ಅತಿವೇಗ, ಅಜಾಗರೂಕತೆ ಅವರದೇ ಎಂದಾದ್ದರಿಂದ ನ್ಯಾಯಮಂಡಳಿ, ಹೈಕೋರ್ಟ್, ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಮೂರೂ ಕಡೆ ಸೋಲಾಯಿತು. ವಾಹನದ ಮಾಲೀಕರೇ ಓಡಿಸುತ್ತಿದ್ದರೆ ಇಂಥ ಹೊತ್ತಿನಲ್ಲಿ ಮನೆಯವರ ಕೈಹಿಡಿಯುವುದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ನಿಮ್ಮ ಪಾಲಿಸಿಯಲ್ಲಿ ಅದು ಇದೆಯೇ? ಇವತ್ತೇ ತೆಗೆದು ನೋಡಿ.

ಆಸ್ಪತ್ರೆಯ ಶವಾಗಾರದ ಹೊರಗೇ ಕೆಲವರು ವಕಾಲತ್ತಿಗೆ ಸಹಿ ಕೇಳುತ್ತಾರೆ, 'ಬಂದದ್ದರಲ್ಲಿ ಇಷ್ಟು ಪರ್ಸೆಂಟ್' ಎನ್ನುತ್ತಾರೆ. ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಮೊದಲು ಸಂಚಾರ ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣೆ ವರದಿ, ಪಿಎಂ ರಿಪೋರ್ಟ್‌ಗಳ ಪ್ರತಿ ನಿಮ್ಮ ಕೈಗೆ ಬರಲಿ.

ಗುದ್ದಿದ ಗಾಡಿ ಪತ್ತೆಯಾಗದಿದ್ದರೆ? ಹಿಂದೆ 25,000 ಇದ್ದ ಪರಿಹಾರ 2022ರಿಂದ 2 ಲಕ್ಷವಾಗಿದೆ. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರ್ ಇಲ್ಲವೇ ಉಪವಿಭಾಗಾಧಿಕಾರಿಗೆ. ಮೈಸೂರು ರಸ್ತೆ, ಮಾಗಡಿ ರಸ್ತೆ, ಕಾರ್ಡ್ ರೋಡಿನ ಅಂಗಡಿ, ಪೆಟ್ರೋಲ್ ಬಂಕುಗಳ ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ವಾರಗಳಲ್ಲಿ ಹೊಸ ದೃಶ್ಯ ಕೂರುತ್ತದೆ. ದೃಶ್ಯ ತೆಗೆದಿಡುವಂತೆ ಠಾಣೆಗೆ ಮೊದಲ ವಾರದಲ್ಲೇ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.