ಬಿಡಿಭಾಗವೂ ರಕ್ಷಣಾ ಬಲವೇ

ಸುಳ್ಯ, ಕಡಬದ ಗುಡ್ಡದ ದಾರಿಗಳಲ್ಲಿ ಹಳೆಯ ಜೀಪು ಓಡುವುದು ಪುತ್ತೂರಿನ ಪೇಟೆಯಲ್ಲಿ ಅದರ ಬಿಡಿಭಾಗ ಸಿಗುವವರೆಗೆ ಮಾತ್ರ. ಯುದ್ಧವಿಮಾನದ ಪಾಡೂ ಇದಕ್ಕಿಂತ ಭಿನ್ನವಲ್ಲ. 1979ರಲ್ಲಿ ನಮ್ಮ ವಾಯುಪಡೆ ಸೇರಿದ ಜಾಗ್ವಾರ್ ವಿಮಾನವನ್ನು ಮುಂದೆ ಬೆಂಗಳೂರಿನ ಎಚ್‌ಎಎಲ್ ಪರವಾನಗಿಯಡಿ ನಿರ್ಮಿಸಿತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಅದನ್ನು ಸೇವೆಯಿಂದ ಕೈಬಿಟ್ಟವು. ಬಳಕೆದಾರನಾಗಿ ಉಳಿದದ್ದು ಭಾರತವೊಂದೇ. ಒಬ್ಬನೇ ಗಿರಾಕಿಗಾಗಿ ಯಾವ ಕಾರ್ಖಾನೆಯೂ ಉತ್ಪಾದನೆ ಮುಂದುವರಿಸದು. ಅನ್ಯರು ಕಳಚಿಟ್ಟ ವಿಮಾನಗಳ ಭಾಗಗಳನ್ನು ತರುವುದು ತಾತ್ಕಾಲಿಕ ಉಪಾಯವಷ್ಟೇ. ಆದ್ದರಿಂದ ವಿನ್ಯಾಸದ ನಕ್ಷೆ, ತಯಾರಿಕೆಯ ಹಕ್ಕು ಹಾಗೂ ಉತ್ಪಾದನೆ ನಿಲ್ಲುವ ಮುನ್ಸೂಚನೆ ಖರೀದಿ ಒಪ್ಪಂದದಲ್ಲಿಯೇ ಸೇರಿರಬೇಕು. ಉಗ್ರಾಣದಲ್ಲಿನ ದಾಸ್ತಾನು ಲೆಕ್ಕಪರಿಶೋಧಕರಿಗೆ ದುಂದುವೆಚ್ಚವಾಗಿ ಕಾಣಬಹುದು. ವಾಸ್ತವದಲ್ಲಿ ಅದು ವಿಮೆಯ ಕಂತು. ಆ ಕಂತನ್ನು ತಪ್ಪಿಸಿದರೆ, ಹಾರಲಾಗದೆ ನಿಂತ ವಿಮಾನಗಳ ರೂಪದಲ್ಲಿ ದೇಶವು ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.