ಮಲಗಿದ ಕಂಪನಿಯನ್ನು ಮಾರುವ ಮುನ್ನ

ಗಲ್ಫ್‌ನಲ್ಲಿ ದುಡಿಯುವ ಗಂಡ, ಊರಲ್ಲೂ ಏನಾದರೊಂದು ಮಾಡಬೇಕೆಂದು ಹುಬ್ಬಳ್ಳಿಯಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯುತ್ತಾನೆ. ಅದಕ್ಕೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿರಬೇಕು. ಹೀಗೆ ನಮ್ಮ ಬಮ್ಮಿಗಟ್ಟಿಯಂಥ ಊರಲ್ಲಿ ಅತ್ತೆ ಮಾವನನ್ನು ನೋಡಿಕೊಂಡಿರುವ ಹೆಂಡತಿ ನಿರ್ದೇಶಕಿಯಾಗುತ್ತಾಳೆ. ವ್ಯಾಪಾರ ಕೈಹಿಡಿಯುವುದಿಲ್ಲ, ಗಂಡ ರಜೆ ಮುಗಿಸಿ ಹೊರಡುತ್ತಾನೆ. ಕಂಪನಿ ಮಾತ್ರ ಬೆಂಗಳೂರಿನ ರಿಜಿಸ್ಟ್ರಾರರ ದಾಖಲೆಯಲ್ಲಿ ಬದುಕಿಯೇ ಇರುತ್ತದೆ. “ಕಂಪನಿ ಅವರದು, ನಾನು ಸಹಿ ಮಾಡಿದ್ದಷ್ಟೇ” ಎನ್ನುತ್ತಾಳೆ ಆಕೆ. ಕಾನೂನು ಹಾಗೆ ಎಣಿಸುವುದಿಲ್ಲ.

ವಹಿವಾಟು ಸೊನ್ನೆಯಾದರೂ ಪ್ರತಿವರ್ಷ ಲೆಕ್ಕಪತ್ರ ಮತ್ತು ವಾರ್ಷಿಕ ವರದಿ ಸಲ್ಲಿಸಲೇಬೇಕು. 2018ರ ಜುಲೈಯಿಂದ ತಡವಾದ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡು ಫಾರ್ಮಿಗೆ ಒಂದು ವರ್ಷ ತಡವಾದರೆ 73,000 ರೂಪಾಯಿ! ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಸರಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಅಳಿಸಿದಾಗ ಸುಮಾರು ಮೂರು ಲಕ್ಷ ನಿರ್ದೇಶಕರು ಹೀಗೆ ಅನರ್ಹರಾದರು.

ಇಂಥ ಹೊತ್ತಿನಲ್ಲಿ ಯಾರೋ ಬಂದು “ಮುಚ್ಚುವುದೇಕೆ, ಮಾರಿಬಿಡಿ” ಎನ್ನುತ್ತಾರೆ. ಮಾರಬಹುದು, ತಪ್ಪಿಲ್ಲ. ಆದರೆ ಕೊಳ್ಳುವವನಿಗೆ ಅದರಲ್ಲಿ ಏನು ಸಿಗುತ್ತದೆ? ಜಾಗ, ಪರವಾನಗಿ, ಹಳೆಯ ಹೆಸರು ಇದ್ದರೆ ಸರಿ. ಹಳೆಯ ನಷ್ಟ ತೋರಿಸಿ ತೆರಿಗೆ ಉಳಿಸಬಹುದೆಂಬ ಮಾತನ್ನು ನಂಬಬೇಡಿ. ಇಂಥ ಕಂಪನಿಯ ಬಹುಪಾಲು ಷೇರು ಕೈಬದಲಾದರೆ ಸಾಮಾನ್ಯವಾಗಿ ಆ ಸೌಲಭ್ಯ ತಪ್ಪುತ್ತದೆ. ಇದ್ಯಾವುದೂ ಬೇಡವೆಂದು ಬರೀ ಹಳೆಯ ನೋಂದಣಿಗೆ ಆಸೆಪಡುವವನ ಬಗ್ಗೆ ನನಗಂತೂ ಗುಮಾನಿ. ಸುಳ್ಳು ಬಿಲ್ಲುಗಳಿಗೂ ಇಂಥದ್ದೇ ಕಂಪನಿ ಬೇಕಾಗುತ್ತದೆ.

ಬೆಲೆಯ ವಿಷಯದಲ್ಲೂ ಭ್ರಮೆ ಬೇಡ. ನಮ್ಮ ಎಷ್ಟೋ ಮನೆಗಳಿಗೆ ಹಣ ತಲುಪಿಸುತ್ತಿದ್ದ ಯುಎಇ ಎಕ್ಸ್‌ಚೇಂಜ್ 2020ರ ಮಾರ್ಚ್‌ನಲ್ಲಿ ಹೊಸ ವಹಿವಾಟು ನಿಲ್ಲಿಸಿತು. ಅದು ಉಡುಪಿ ಮೂಲದ ಬಿ.ಆರ್. ಶೆಟ್ಟಿಯವರು ಸ್ಥಾಪಿಸಿದ ಫಿನಾಬ್ಲರ್ ಸಮೂಹದ್ದು. ಅದೇ ಡಿಸೆಂಬರ್‌ನಲ್ಲಿ ಆ ಸಮೂಹದ ವ್ಯವಹಾರವನ್ನು ಮಾರಲು ಒಪ್ಪಂದವಾಯಿತು. ಬೆಲೆ ಒಂದೇ ಒಂದು ಡಾಲರ್. ಸಾಲದ ಹೊರೆ ಅಷ್ಟಿತ್ತು.

ಪ್ರವಾದಿ(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಾಗಿದ್ದುದು, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದು ನಮಗೆಲ್ಲ ಗೊತ್ತು. ಗೋವಿನಜೋಳದ ಚೀಲಕ್ಕೆ ಅನ್ವಯಿಸುವುದು ಷೇರಿಗೂ ಅನ್ವಯಿಸುತ್ತದೆ. ಬಾಕಿ ಶುಲ್ಕ, ತೆರಿಗೆ ನೋಟಿಸು, ಕೊಡಬೇಕಾದ ಸಾಲ ಎಲ್ಲವನ್ನೂ ಬರೆದು ಕೊಡಬೇಕು. ಹೇಳದೆ ಮಾರಿದರೆ ಬಂದ ಹಣ ಹಲಾಲ್ ಎನ್ನುವುದು ಹೇಗೆ?

ಗಂಡ ಅನಿವಾಸಿಯಾದ್ದರಿಂದ ಇನ್ನೂ ಕೆಲವು ನಿಯಮಗಳಿವೆ. ಆತ ಹಣವನ್ನು ವಾಪಸು ಒಯ್ಯುವ ಹಕ್ಕಿನೊಂದಿಗೆ ಹೂಡಿದ್ದರೆ, ಇಲ್ಲಿಯವರಿಗೆ ಮಾರುವಾಗ ಬೆಲೆ ಪ್ರಮಾಣಿತ ಮೌಲ್ಯವನ್ನು ಮೀರುವಂತಿಲ್ಲ. 60 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿಯೂ ಹೋಗಬೇಕು. ಆ ಹಕ್ಕಿಲ್ಲದೆ ಹೂಡಿದ್ದರೆ ಈ ವರದಿ ಬೇಡ, ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ. ಲಾಭವಾಗಿದ್ದರೆ ಕೊಳ್ಳುವವನು ತೆರಿಗೆ ಮುರಿದುಕೊಂಡೇ ಹಣ ಕೊಡಬೇಕು.

ಏನೂ ಇಲ್ಲದ ಕಂಪನಿಯಾದರೆ ಮುಚ್ಚುವುದೇ ಲೇಸು. ಸಾಲ ತೀರಿಸಿ, ವ್ಯವಹಾರ ನಿಂತ ವರ್ಷದವರೆಗಿನ ಬಾಕಿ ಫಾರ್ಮುಗಳನ್ನು ಸಲ್ಲಿಸಿ, ಖಾತೆ ಮುಚ್ಚಿ, 10,000 ರೂಪಾಯಿ ಶುಲ್ಕದೊಂದಿಗೆ ಹೆಸರು ಅಳಿಸಲು ಅರ್ಜಿ ಹಾಕಬಹುದು. ನಿರ್ದೇಶಕರು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಗಂಡ ವಿದೇಶದಲ್ಲಿ ಹಾಕುವ ಸಹಿಗೆ ನೋಟರಿ ಅಥವಾ ದೂತಾವಾಸದ ದೃಢೀಕರಣ ಬೇಕು. ಹೆಸರು ಅಳಿಸಿದರೂ ಹಿಂದಿನ ಹೊಣೆ ನಿರ್ದೇಶಕರಿಗೆ ಉಳಿಯುತ್ತದೆ.

ಮಾರುವುದೇ ಆದರೆ, ಸಹೋದರಿ, ಷೇರು ಹೋದ ಮಾತ್ರಕ್ಕೆ ನಿಮ್ಮ ಹೆಸರು ಹೋಗುವುದಿಲ್ಲ. ಮೊದಲು ಹೊಸ ನಿರ್ದೇಶಕರ ನೇಮಕವಾಗಬೇಕು, ನಂತರ ನಿಮ್ಮ ರಾಜೀನಾಮೆ, ಅದರ ಫಾರ್ಮ್ ಸಲ್ಲಿಸಿದ ರಸೀದಿ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದರ ಬಿಡುಗಡೆ ಪತ್ರವನ್ನು ಬ್ಯಾಂಕಿನಿಂದಲೇ ಪಡೆಯಬೇಕು. ಈ ಎರಡು ಕಾಗದ ಕೈಗೆ ಬರುವವರೆಗೆ ಗಂಡನ ಫೋನ್ ಬಂದಾಗಲೆಲ್ಲ ಕೇಳುತ್ತಲೇ ಇರಿ.