ಅಧ್ಯಾಪಕನ ವೇತನವೂ ಅನುಕ್ತ ಪ್ರತಿಜ್ಞೆಯೂ

ಭೃತಿಯನ್ನು ಮೊದಲೇ ನಿಷ್ಕರ್ಷಿಸದೆ ಕೆಲಸ ಮಾಡಿಸಿಕೊಂಡ ಒಡೆಯನಿಂದ, ವಾಣಿಜ್ಯ ಪಶು ಸಸ್ಯಗಳ ಲಾಭದಲ್ಲಿ ಹತ್ತರಲ್ಲೊಂದು ಪಾಲನ್ನು ಅರಸನು ಭೃತ್ಯನಿಗೆ ಕೊಡಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯ ವೇತನಾದಾನ ಪ್ರಕರಣದಲ್ಲಿ ಇದನ್ನು ವಿವರಿಸಿದ್ದಾನೆ. ಬಾಯಿಬಿಟ್ಟು ಹೇಳದಿದ್ದರೂ ದುಡಿಮೆಯು ತಾನೇ ಒಂದು ಕರಾರನ್ನು ಉಂಟುಮಾಡುತ್ತದೆಂಬುದು ಇದರಿಂದ ತೋರುತ್ತದೆ. ಅಧ್ಯಾಪಕನ ವಿಷಯದಲ್ಲಿ ಮಾತ್ರ ಪ್ರಾಚೀನರಿಗೆ ಸಂಕೋಚವಿತ್ತು. ಭೃತಕಾಧ್ಯಾಪಕನನ್ನು ಮನುವು ಶ್ರಾದ್ಧಪಂಕ್ತಿಗೆ ಅನರ್ಹನೆಂದಿದ್ದಾನೆ. ಆ ನಿಯಮವನ್ನು ಈಗ ಪಾಲಿಸಹೊರಟರೆ ಈ ಲೇಖಕನಿಗೂ ಎಲೆ ಬೀಳದು.

ಇಂಥ ಅನುಕ್ತ ಪ್ರತಿಜ್ಞೆಯನ್ನು ಆಧುನಿಕರು ಮಾನಸಿಕ ಕರಾರೆಂದು ಕರೆಯುತ್ತಾರೆ. ೧೯೬೦ರಲ್ಲಿ ಅಮೆರಿಕದ ಕ್ರಿಸ್ ಆರ್ಗಿರಿಸ್ ಇದನ್ನು ಸೂಚಿಸಿದನು. ೧೯೮೯ರಲ್ಲಿ ಡೆನಿಸ್ ರೂಸೋ ಎಂಬ ವಿದುಷಿಯು ಇದರ ಲಕ್ಷಣವನ್ನು ಸ್ಫುಟಪಡಿಸಿದಳು. ಆಕೆಯ ಮತದಂತೆ ಈ ಕರಾರು ಇರುವುದು ಸೇವಕನ ಬುದ್ಧಿಯಲ್ಲಿ. ಒಡೆಯನು ಅರಿಯದೆಯೇ ಅದು ಭಗ್ನವಾಗಬಹುದು. ಆದುದರಿಂದ ವೇತನ ಸಾಲದೆಂಬ ಅಸಮಾಧಾನವನ್ನೂ ಮಾತು ತಪ್ಪಿದರೆಂಬ ನೋವನ್ನೂ ಒಂದೆಂದು ಎಣಿಸಲಾಗದು.

ಕರ್ನಾಟಕದ ಸರ್ಕಾರೀ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ೨೦೨೧ರ ಡಿಸೆಂಬರಿನಲ್ಲಿ ಪಾಠಪ್ರವಚನಗಳನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಅರ್ಹತೆಯುಳ್ಳವರಿಗೆ ತಿಂಗಳಿಗೆ ೧೩,೦೦೦ ರೂಪಾಯಿಯಿದ್ದ ಗೌರವಧನವು ೨೦೨೨ರ ಜನವರಿಯಲ್ಲಿ, ಐದು ವರ್ಷ ಮೀರಿ ಸೇವೆ ಸಲ್ಲಿಸಿದವರಿಗೆ, ೩೨,೦೦೦ಕ್ಕೆ ಏರಿತು. ಜೊತೆಗೆ ವಾರದ ಕಾರ್ಯಭಾರವೂ ೧೫ ಗಂಟೆಗಳಿಗೆ ಏರಿದುದರಿಂದ ಅನೇಕರಿಗೆ ಕೆಲಸವೇ ತಪ್ಪಿತು. ಎರಡುಪಟ್ಟಿಗೂ ಮಿಕ್ಕು ದೊರೆತ ಮೇಲೆಯೂ ೨೦೨೩ರ ನವೆಂಬರಿನಲ್ಲಿ ಪುನಃ ಮುಷ್ಕರವಾಯಿತು. ೨೦೨೪ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಮುಖ್ಯವಾಗಿ ಕೇಳಿದುದು ಸೇವೆಯ ಖಾಯಮಾತಿಯನ್ನು. ವರ್ಷವರ್ಷವೂ ಕರೆದು ಪಾಠ ಹೇಳಿಸಿದುದೇ ಅವರಿಗೆ ವಾಗ್ದಾನವಾಗಿ ಕಂಡಿರಬೇಕು. ಕರೆದವರ ಕಡತದಲ್ಲಿ ಅದು ಕೇವಲ ತಾತ್ಕಾಲಿಕ ಏರ್ಪಾಡು. ಒಂದೇ ರಾತ್ರಿ ತಂಗುವವನು ಅತಿಥಿಯೆಂದು ಮನುವಿನ ಲಕ್ಷಣ. ಹದಿನೈದು ವರ್ಷ ನಿಂತವನನ್ನೂ ಆ ಹೆಸರಿನಿಂದ ಕರೆಯುವುದು ಶಬ್ದಕ್ಕೂ ಅಪಚಾರವೇ.

ಇಂಥ ಭಂಗದ ಫಲವು ಹಾಜರಿ ಪುಸ್ತಕದಲ್ಲಿ ಕಾಣಸಿಗದು. ಘಂಟೆ ಬಾರಿಸಿದೊಡನೆ ಅಧ್ಯಾಪಕನು ತರಗತಿಗೆ ಬರುತ್ತಾನೆ, ಪಾಠವನ್ನೂ ಮುಗಿಸುತ್ತಾನೆ. ಕುಗ್ಗುವುದು ಕರಾರಿನಲ್ಲಿ ಬರೆಯದ ಭಾಗ: ಹಳೆಯ ಟಿಪ್ಪಣಿಯನ್ನು ತಿದ್ದಿ ಹೊಸದು ಬರೆಯುವುದು, ಹಿಂದುಳಿದವನನ್ನು ಸಂಜೆ ಕೂರಿಸಿಕೊಂಡು ಮತ್ತೊಮ್ಮೆ ಹೇಳುವುದು, ಗ್ರಂಥಾಲಯಕ್ಕೆ ಕರೆದೊಯ್ದು ಪುಸ್ತಕ ತೋರಿಸುವುದು. ಮುಂದಿನ ವರ್ಷ ತನ್ನನ್ನು ಕರೆಯುವರೋ ಇಲ್ಲವೋ ತಿಳಿಯದವನು ಎರಡು ವರ್ಷದ ವ್ಯಾಸಂಗವನ್ನು ಯಾವ ಶಿಷ್ಯನೊಡನೆ ಆರಂಭಿಸಿಯಾನು? ಮನೆಯಲ್ಲಿ ಓದಿದವರೊಬ್ಬರೂ ಇಲ್ಲದೆ ಕಾಲೇಜಿಗೆ ಬಂದ ಹಳ್ಳಿಯ ವಿದ್ಯಾರ್ಥಿಗೆ ಬೇಕಾದುದು ಈ ಬರೆಯದ ಭಾಗವೇ.